ಹಿಂದಿನ ಕೆಲಸವನ್ನು ಬಿಟ್ಟದ್ದೇಕೆ?

ಕೆಲಸ ಹುಡುಕುವ ವಿಷಯದಲ್ಲಿ ನಮಗೆ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಅರ್ಜಿ ಬರೆಯುವ ಕ್ರಮ, ಸಂದರ್ಶನದ ಕೊಠಡಿಗೆ ಅಪ್ಪಣೆ ಕೇಳಿ ಹೋಗುವ ಬಗೆ, ಕುಳಿತಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದು ಕೂಡ ಈಗ ಪಾಠದ ವಿಷಯವಾಗಿದೆ. ಆದರೆ ಒಮ್ಮೆ ಹಿಡಿದ ಕೆಲಸವನ್ನು ಬಿಟ್ಟದ್ದೇಕೆ ಎಂಬುದನ್ನು ಮುಂದೆ ಕೆಲಸ ಕೊಡುವವರಿಗೆ ಹೇಗೆ ತಿಳಿಸಬೇಕೆಂದು ಹೇಳಿಕೊಟ್ಟವರನ್ನು ನಾನು ಕಾಣೆ. ಬಿ.ಎ. ಓದುವವರಿಗೆ ಆ ಚಿಂತೆ ಏಕೆ, ಇನ್ನೂ ಕೆಲಸವೇ ಸಿಕ್ಕಿಲ್ಲವಲ್ಲ ಎಂದು ಯಾರಾದರೂ ನಗಬಹುದು. ನಮ್ಮಂಥ ಕಾಲೇಜನ್ನು ಬಲ್ಲವರು ನಗಲಾರರು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಕಡೆಗಳಿಂದ ರೈಲು ಹತ್ತಿಯೋ ಬಸ್ಸು ಹಿಡಿದೋ ಬರುವ ನಮ್ಮಲ್ಲಿ ಬಹುಮಂದಿ ಪದವಿಗೆ ಸೇರುವ ಮೊದಲೇ ಒಂದು ಕೆಲಸ ಹಿಡಿದು ಬಿಟ್ಟವರು. ತರೀಕೆರೆಯ ಅಡಿಕೆ ಮಂಡಿಯಲ್ಲಿ ಚೀಲ ತೂಗಿದವರಿದ್ದಾರೆ. ಅಜ್ಜಂಪುರದಲ್ಲಿ ಈರುಳ್ಳಿ ಕಾಲದಲ್ಲಿ ಲಾರಿ ತುಂಬಿದವರಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿದು ಬಂದ ನನ್ನಂಥ ಹುಡುಗಿಯರಿದ್ದಾರೆ. ಕೆಲಸ ಮಾಡಿದ್ದನ್ನು ಹೇಳಲು ನಮಗೆ ಸಂಕೋಚವಿಲ್ಲ. ಬಿಟ್ಟದ್ದನ್ನು ಹೇಳುವಾಗ ಮಾತ್ರ ನಾಲಿಗೆ ತೊಡರುತ್ತದೆ. ಏಕೆ ತೊಡರುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣವೆಂದು ಈ ಲೇಖನ.

ಮೊದಲು ಮಾತುಗಳನ್ನೇ ನೋಡೋಣ. ಕನ್ನಡ ಐಚ್ಛಿಕ ತೆಗೆದುಕೊಂಡವಳಾದ್ದರಿಂದ ನನಗೆ ಇದು ಅಭ್ಯಾಸವಾಗಿದೆ. ಅರ್ಥಶಾಸ್ತ್ರದ ಮಿತ್ರರು ಮನ್ನಿಸಬೇಕು. ಕೆಲಸ ಕೊನೆಗೊಂಡಿತೆಂಬ ಒಂದೇ ಸಂಗತಿಗೆ ನಮ್ಮ ಕಡೆ ನಾಲ್ಕೈದು ಕ್ರಿಯಾಪದಗಳಿವೆ. ‘ಬಿಟ್ಟೆ’ ಎಂದರೆ ಕರ್ತೃ ನಾನು. ‘ಬಿಡಿಸಿದರು’ ಎಂದರೆ ಪ್ರೇರಣಾರ್ಥಕ. ಬಿಟ್ಟವಳು ನಾನಾದರೂ ಬಿಡುವಂತೆ ಮಾಡಿದವರು ಅಪ್ಪನೋ ಅಣ್ಣನೋ. ‘ತೆಗೆದುಹಾಕಿದರು’ ಎಂದಾಗ ಯಜಮಾನ ಕರ್ತೃ, ನಾನು ಬರಿಯ ಕರ್ಮ. ‘ಕೆಲಸ ನಿಂತುಹೋಯಿತು’ ಎಂಬುದರಲ್ಲಿ ಮನುಷ್ಯರೇ ಇಲ್ಲ. ಮಳೆ ನಿಂತ ಹಾಗೆ ಕೆಲಸ ನಿಂತಿತು. ಕೊನೆಯದು ‘ಓಡಿಬಂದ’. ಇದನ್ನು ಯಾರೂ ತಮ್ಮ ವಿಷಯವಾಗಿ ಹೇಳಿಕೊಳ್ಳುವುದಿಲ್ಲ, ಊರಿನವರು ಹೇಳುತ್ತಾರೆ.

ಸಂದರ್ಶನದಲ್ಲಿ ನಮ್ಮ ಹುಡುಗರು ಸಾಮಾನ್ಯವಾಗಿ ‘ನಿಂತುಹೋಯ್ತು ಸಾರ್’ ಎನ್ನುತ್ತಾರೆ. ಹುಡುಗಿಯರು ‘ಮನೇಲಿ ಬಿಡಿಸಿದ್ರು’ ಎನ್ನುತ್ತಾರೆ. ಕೆಲವು ಸಲ ಅದು ನಿಜವೇ. ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚಬೇಕೆಂದು ಅದರ ಒಡೆತನದ ಸಂಸ್ಥೆ 2023ರ ಜನವರಿಯಲ್ಲಿ ತೀರ್ಮಾನಿಸಿದಾಗ ಅಲ್ಲಿನ ಗುತ್ತಿಗೆ ಕಾರ್ಮಿಕನೊಬ್ಬ ‘ನಿಂತುಹೋಯಿತು’ ಎಂದಿದ್ದರೆ ವ್ಯಾಕರಣವೂ ಸತ್ಯವೂ ಒಂದೇ ಆಗಿರುತ್ತಿದ್ದವು. ಆದರೆ ಸಂಬಳದ ವಿಷಯಕ್ಕೆ ಬೇಸತ್ತು ತಾನೇ ಎದ್ದು ಬಂದವನು ‘ನಿಂತುಹೋಯಿತು’ ಎಂದರೆ ಕೇಳುವವರಿಗೆ ಅನುಮಾನ ಹುಟ್ಟುತ್ತದೆ. ಅಂಗಡಿ ಇನ್ನೂ ತೆರೆದೇ ಇದೆಯಲ್ಲ, ನಿಂತದ್ದು ಯಾವುದು? ಕರ್ತೃವನ್ನು ಮುಚ್ಚಿಟ್ಟ ವಾಕ್ಯ ಮತ್ತೇನನ್ನೋ ಮುಚ್ಚಿಟ್ಟಂತೆ ಕೇಳಿಸುತ್ತದೆ. ಹೇಳುವವನು ಕಳ್ಳನಲ್ಲ, ಆದರೂ ಕಳ್ಳನ ಧಾಟಿ ಬಂದುಬಿಡುತ್ತದೆ.

ಈ ಧಾಟಿ ಎಲ್ಲಿಂದ ಬಂತು? ಆ ಕೊನೆಯ ಮಾತಿನಿಂದ, ಎಂದರೆ ‘ಓಡಿಬಂದ’ ಎಂಬುದರಿಂದ ಬಂತೆಂದು ನನ್ನ ಊಹೆ. ನನ್ನ ಮುತ್ತಾತ ಮೇಸ್ತ್ರಿಯ ಕೈಯಿಂದ ಮುಂಗಡ ಹಿಡಿದು ಗಿರಿಯ ಕಾಫಿ ತೋಟಕ್ಕೆ ಹತ್ತಿದವನಂತೆ. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ; ಚಿಕ್ಕಮಗಳೂರು ಜಿಲ್ಲೆಯೆಂದು ಹೆಸರಾದದ್ದು 1947ರಲ್ಲಿ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮೇಸ್ತ್ರಿ ಬಂದು ಹಣ ಎಣಿಸುತ್ತಿದ್ದ. ಆಳು ಮೇಲೆ ಹೋಗಿ ಆ ಹಣವನ್ನು ದುಡಿದು ತೀರಿಸಬೇಕು. ತೀರಿಸುವುದರೊಳಗೆ ಜ್ವರವೋ ಮದುವೆಯೋ ಬಂದು ಮತ್ತೊಂದು ಮುಂಗಡ. ಮೂರು ವರ್ಷದ ಮೇಲೆ ಮುತ್ತಾತ ಇಳಿದುಬಂದ. ನಮ್ಮ ಮನೆಯಲ್ಲಿ ಇಂದಿಗೂ ಆ ಸಂಗತಿಯನ್ನು ‘ತಾತ ತೋಟದಿಂದ ಓಡಿಬಂದ ವರ್ಷ’ ಎಂದೇ ಕರೆಯುತ್ತಾರೆ. ಕೆಲಸ ಬಿಟ್ಟ ವರ್ಷ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದು ನಮ್ಮ ಮನೆಯೊಂದರ ಮಾತಲ್ಲ. ಬ್ರಿಟಿಷ್ ಭಾರತದಲ್ಲಿ 1859ರ 13ನೆಯ ಕಾಯಿದೆ ಎಂಬುದೊಂದು ಇತ್ತು. ಮುಂಗಡ ಪಡೆದ ಕೆಲಸಗಾರ ಕೆಲಸ ಮಾಡದೆ ಹೋದರೆ ಯಜಮಾನ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಾಗಿತ್ತು. ಹಣ ಹಿಂದಿರುಗಿಸು, ಇಲ್ಲವೇ ಹೋಗಿ ದುಡಿ ಎಂದು ಅಪ್ಪಣೆಯಾಗುತ್ತಿತ್ತು. ಅದನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಪಕ್ಕದ ಕೊಡಗಿನ ಕಾಫಿ ತೋಟಗಳವರಿಗೆ ಈ ಕಾಯಿದೆ ಬಹಳ ಅನುಕೂಲವಾಗಿತ್ತು. ಮಾತು ತಪ್ಪಿದ ಯಜಮಾನನಿಗೆ ಮಾತ್ರ ಅದರಲ್ಲಿ ಸಜೆ ಇರಲಿಲ್ಲ. ಇದನ್ನು ರದ್ದು ಮಾಡುವ ಕಾಯಿದೆ ಆದದ್ದು 1925ರಲ್ಲಿ. ಹಳ್ಳಿಯ ಜೀತವಂತೂ ಅದಕ್ಕಿಂತ ಬಹಳ ಕಾಲ ಉಳಿಯಿತು. ಜೀತವಿಮುಕ್ತಿಯ ಕಾನೂನು ಬಂದದ್ದು 1976ರಲ್ಲಿ, ಎಂದರೆ ನನ್ನ ಅಪ್ಪ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ. ಹೀಗಿರುವಾಗ ‘ಏಕೆ ಬಿಟ್ಟೆ?’ ಎಂಬ ಪ್ರಶ್ನೆ ನಮ್ಮ ಹಿರಿಯರ ಕಿವಿಗೆ ಪ್ರಶ್ನೆಯಾಗಿ ಬೀಳುತ್ತಿರಲಿಲ್ಲ, ಆಪಾದನೆಯಾಗಿ ಬೀಳುತ್ತಿತ್ತು. ಆ ಕಿವಿಯನ್ನು ನಾವು ಇನ್ನೂ ಕಳಚಿಲ್ಲ.

ಬೇರೆ ದೇಶಗಳಲ್ಲಿಯೂ ಬಿಟ್ಟುಹೋಗುವುದು ಸುಲಭವಾಗಿರಲಿಲ್ಲ. ಫ್ರಾನ್ಸಿನಲ್ಲಿ ನೆಪೋಲಿಯನ್ನನ ಕಾಲದಲ್ಲಿ, 1803ರಲ್ಲಿ, ಪ್ರತಿಯೊಬ್ಬ ಕಾರ್ಮಿಕನೂ ಒಂದು ಪುಟ್ಟ ಪುಸ್ತಕವನ್ನು ಇಟ್ಟುಕೊಂಡಿರಬೇಕೆಂದು ಕಟ್ಟುಮಾಡಿದರು. ಹಳೆಯ ಯಜಮಾನ ಅದರಲ್ಲಿ ಋಣ ತೀರಿದೆ ಎಂದು ಬರೆದುಕೊಡದೆ ಹೊಸ ಯಜಮಾನ ಕೆಲಸಕ್ಕೆ ಸೇರಿಸಿಕೊಳ್ಳುವಂತಿರಲಿಲ್ಲ. 1890ರಲ್ಲಿ ಅದು ಹೋಯಿತು. ನಮ್ಮ ದೇಶದಲ್ಲಿ ದೊರೆಗಳ ಬಂಗಲೆಯಲ್ಲಿ ಅಡಿಗೆಯವನೂ ಜವಾನನೂ ಹಳೆಯ ದೊರೆ ಬರೆದುಕೊಟ್ಟ ಚೀಟಿಗಳ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಹಿಂದಿಯ ಚಿಟ್ಠಿ, ನಮ್ಮ ಚೀಟಿ ಇಂಗ್ಲಿಷರ ಬಾಯಲ್ಲಿ ‘ಚಿಟ್’ ಆಗಿ ಅವರ ನಿಘಂಟನ್ನು ಸೇರಿದ್ದು ಹೀಗೆ. ಜರ್ಮನಿಯ ಕತೆ ಇನ್ನೂ ವಿನೋದದ್ದು. ಅಲ್ಲಿ ಬಿಟ್ಟುಹೋಗುವ ನೌಕರನಿಗೆ ಪ್ರಶಸ್ತಿಪತ್ರ ಪಡೆಯುವ ಹಕ್ಕಿದೆ, ಅದರಲ್ಲಿ ಕೆಡುಕನ್ನು ಬರೆಯಬಾರದೆಂಬ ಕಟ್ಟೂ ಇದೆ. ಆದ್ದರಿಂದ ಯಜಮಾನರು ಹೊಗಳಿಕೆಯಲ್ಲಿಯೇ ಗುಟ್ಟು ಇಟ್ಟರು. ‘ಇವರು ಪ್ರಯತ್ನಪಟ್ಟರು’ ಎಂದು ಬರೆದಿದ್ದರೆ ಕೆಲಸ ಬರಲಿಲ್ಲವೆಂದು ಅರ್ಥ!

ಇಂದು ಬೆಂಗಳೂರಿನ ಕಂಪನಿಗಳು ಕೇಳುವ ರಿಲೀವಿಂಗ್ ಲೆಟರ್ ಇವುಗಳ ಮೊಮ್ಮಗು. ಆದರೆ ನಮ್ಮ ಸ್ಥಿತಿಗೂ ಮುತ್ತಾತನ ಸ್ಥಿತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಿಡುವ ಹಕ್ಕು ನಮಗಿದೆ. ಹಕ್ಕು ಇರುವವರು ಅದನ್ನು ಚಲಾಯಿಸಿದ್ದನ್ನು ಹೇಗೆ ಹೇಳುತ್ತಾರೆಂಬುದನ್ನು ನಾವು ಮನೆಯಲ್ಲಿ ಕಲಿಯುವಂತಿಲ್ಲ. ಬೇರೆ ಕಡೆ ನೋಡಿ ಕಲಿಯಬೇಕು. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಕಟ್ಟಿದ್ದನ್ನು ಕುರಿತು ಎಲ್ಲರೂ ಭಾಷಣ ಮಾಡುತ್ತಾರೆ, ಬಿಟ್ಟದ್ದನ್ನು ಕುರಿತು ಮಾಡುವವರು ಕಡಮೆ.

ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಯೋಜಿಸಿದ ತಾವಾಗಿಯೇ ತೆರೆಯುವ ಬಾಗಿಲುಗಳು 1903ರ ಹೊತ್ತಿಗೆ ಹೆಸರು ಮಾಡಿದ್ದವು. ಹಲವರು ಹಿರಿಯರನ್ನು ದಾಟಿ ಅವರಿಗೆ ಬಡ್ತಿಯೂ ದೊರೆಯಿತು. ಹೀಗಿದ್ದೂ 1908ರಲ್ಲಿ, ಪೂರ್ಣ ಪಿಂಚಣಿಗೆ ಬೇಕಾದ 25 ವರ್ಷ ತುಂಬುವ ಮೊದಲೇ, ಕೆಲಸ ಬಿಟ್ಟರು. ಕಾರಣ ಗುಟ್ಟಿನದಲ್ಲ. ಆ ಇಲಾಖೆಯಲ್ಲಿ ಚೀಫ್ ಎಂಜಿನಿಯರ್ ಪದವಿ ತಮಗೆ ದೊರೆಯುವ ಸಂಭವವಿಲ್ಲವೆಂದು ಅವರಿಗೆ ಕಂಡಿತ್ತು. ನಮ್ಮ ಊರಿನ ಭಾಷೆಯಲ್ಲಿ ಇದು ದುರಾಸೆ. ಕೈಯಲ್ಲಿದ್ದ ಅನ್ನವನ್ನು ಚೆಲ್ಲಿದಂತೆ. ಆದರೆ ಸರ್ಕಾರ ಅವರ ಸೇವೆಯನ್ನು ಮನ್ನಿಸಿ ಪಿಂಚಣಿಯನ್ನು ಕೊಟ್ಟೇ ಕಳಿಸಿತು.

ಮುಂದಿನದು ನನಗೆ ಬಹಳ ಹಿಡಿಸಿದ ಭಾಗ. ಅವರು ಯುರೋಪ್ ಪ್ರವಾಸದಲ್ಲಿದ್ದಾಗ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರ ಹಾಳಾಯಿತು. ನಿಜಾಮರ ಸರ್ಕಾರ ಅವರನ್ನು ಕರೆಯಿತು. 1909ರಲ್ಲಿ ಹೋಗಿ ಪ್ರವಾಹ ತಡೆಯುವ ಯೋಜನೆ ಮಾಡಿಕೊಟ್ಟರು. ಆ ಕೆಲಸದಲ್ಲಿದ್ದಾಗಲೇ ಮೈಸೂರಿನಿಂದ ಚೀಫ್ ಎಂಜಿನಿಯರ್ ಆಗಿ ಬನ್ನಿ ಎಂದು ಕಾಗದ ಬಂತು. ಯಾವ ಪದವಿ ಸಿಗುವುದಿಲ್ಲವೆಂದು ಮುಂಬಯಿಯನ್ನು ಬಿಟ್ಟರೋ ಅದೇ ಪದವಿ! ನಾವಾಗಿದ್ದರೆ ಮರುದಿನದ ರೈಲಿಗೆ ಟಿಕೆಟು ಕೊಳ್ಳುತ್ತಿದ್ದೆವು. ಅವರು ಮೊದಲು ಕೇಳಿದ್ದು, ನೀರಾವರಿ ರಸ್ತೆಗಳಷ್ಟೇ ಅಲ್ಲದೆ ಕೈಗಾರಿಕೆ, ತಾಂತ್ರಿಕ ಶಿಕ್ಷಣ ಇವುಗಳಿಗೆ ಅಲ್ಲಿ ಅವಕಾಶವಿದೆಯೇ ಎಂದು. ಅನುಕೂಲವಾದ ಉತ್ತರ ಬಂದ ಮೇಲೆ ಒಪ್ಪಿ, 1909ರ ನವೆಂಬರಿನಲ್ಲಿ ಬಂದು ಸೇರಿದರು. ಹಿಂದಿನ ಕೆಲಸ ಬಿಟ್ಟ ಕಾರಣವೇ ಮುಂದಿನ ಕೆಲಸಕ್ಕೆ ಕೇಳುವ ಪ್ರಶ್ನೆಯಾಯಿತೆಂಬುದನ್ನು ಗಮನಿಸಬೇಕು. ಬೆಳೆಯಲು ಅಲ್ಲಿ ಜಾಗವಿರಲಿಲ್ಲ, ನಿಮ್ಮಲ್ಲಿ ಇದೆಯೇ? ಇಲ್ಲಿ ತಲೆ ತಗ್ಗಿಸುವ ಮಾತಾದರೂ ಎಲ್ಲಿದೆ?

ಅವರು ಎರಡನೆಯ ಸಲ ಬಿಟ್ಟದ್ದು ದಿವಾನಗಿರಿಯನ್ನು. 1912ರಲ್ಲಿ ದಿವಾನರಾದವರು 1918ರ ಕೊನೆಯಲ್ಲಿ ಅಧಿಕಾರದಿಂದ ದೂರ ಸರಿದರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳವರಿಗೆ ಪಾಲು ಕೊಡುವ ವಿಷಯವಾಗಿ ಮಹಾರಾಜರು ಆ ವರ್ಷ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದರು. ಯೋಗ್ಯತೆಯೊಂದೇ ಅಳತೆಯಾಗಬೇಕೆಂಬುದು ದಿವಾನರ ಮತ. ಮಹಾರಾಜರ ಮತ ಬೇರೆಯಾಗಿತ್ತು. ಈ ವಿಷಯದಲ್ಲಿ ನಾನು ವಿಶ್ವೇಶ್ವರಯ್ಯನವರ ಪಕ್ಷದಲ್ಲಿಲ್ಲವೆಂದು ಬಿಚ್ಚಿ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಪದವಿಯ ತರಗತಿಯವರೆಗೆ ಬಂದವಳು ನಾನೇ ಮೊದಲು. ಮಿಲ್ಲರ್ ಸಮಿತಿ ತೆರೆದ ದಾರಿಯಲ್ಲಿ ನಡೆದೇ ಇಲ್ಲಿಗೆ ಬಂದಿದ್ದೇನೆ. ಆದರೆ ಬಿಟ್ಟ ಕಾರಣವನ್ನು ಒಪ್ಪುವುದು ಬೇರೆ, ಬಿಟ್ಟ ರೀತಿಯನ್ನು ಅಭ್ಯಾಸ ಮಾಡುವುದು ಬೇರೆ. ತಮಗೆ ಒಪ್ಪಿಗೆಯಿಲ್ಲದ ನೀತಿಯನ್ನು ತಾವೇ ನಡೆಸುತ್ತ ಕುಳಿತುಕೊಳ್ಳಲಿಲ್ಲ. ಹೊರಗೆ ಬಂದು ಅರಮನೆಯ ಮೇಲೆ ಕೆಸರನ್ನೂ ಎರಚಲಿಲ್ಲ.

ಅದರ ಫಲವನ್ನು ನಮ್ಮ ಪಕ್ಕದಲ್ಲಿಯೇ ಕಾಣಬಹುದು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಮೊದಲ ದಿನಗಳು ಕಷ್ಟದವು. ಆಗ ಮೈಸೂರು ಸರ್ಕಾರ ಅದರ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿ ಕರೆದದ್ದು ಐದು ವರ್ಷದ ಹಿಂದೆ ತನ್ನನ್ನು ಬಿಟ್ಟುಹೋದ ದಿವಾನರನ್ನೇ. ಅವರೂ ಬಂದರು, 1929ರವರೆಗೆ ಆ ಹೊಣೆಯನ್ನು ಹೊತ್ತರು. ಬಿಟ್ಟುಬಂದ ಮನೆಯವರೇ ಮತ್ತೆ ಕರೆಯಬೇಕಾದರೆ ಬಿಡುವಾಗ ಬಾಗಿಲನ್ನು ಒದೆಯದೆ ಬಂದಿರಬೇಕು.

ಇವರು ದೊಡ್ಡವರು, ಪಿಂಚಣಿ ಇದ್ದವರು, ಇವರ ಮಾತು ನಮಗೆ ಹೇಗೆ ಹೊಂದೀತು ಎಂದು ಕೇಳಬಹುದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಾಸ್ತಿಯವರ ಉದಾಹರಣೆಯೂ ನೆನಪಾದೀತು. ತಮಗಿಂತ ಕಿರಿಯರಿಗೆ ಮಂತ್ರಿಪದವಿ ದೊರೆತಾಗ 1943ರಲ್ಲಿ ಅವರು ರಾಜೀನಾಮೆ ಕೊಟ್ಟು ಬಂದರು. ಮರುವರ್ಷದಿಂದ ‘ಜೀವನ’ ಪತ್ರಿಕೆ ನಡೆಸಿದರು. ಅವರೂ ದೊಡ್ಡವರೇ. ಒಪ್ಪುತ್ತೇನೆ. ನಮಗೂ ಅವರಿಗೂ ಇರುವ ಅಂತರ ಹಣದ್ದು ಮಾತ್ರವಲ್ಲ. ‘ನನಗೆ ಅಲ್ಲಿ ಬೆಳೆಯಲು ಅವಕಾಶವಿರಲಿಲ್ಲ’ ಎಂಬ ವಾಕ್ಯ ಅವರಿಗೆ ಸಹಜವಾಗಿ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಆ ವಾಕ್ಯವನ್ನು ಯಾರೂ ಉಪಯೋಗಿಸಿಲ್ಲ, ಆದ್ದರಿಂದ ನಮಗೆ ಅದು ಎರವಲು ತಂದ ಕೋಟಿನಂತೆ ಬಿಗಿಯುತ್ತದೆ.

ಈಗ ನನ್ನದೇ ಸಂಗತಿ. ಪಿ.ಯು.ಸಿ. ಆದ ಮೇಲೆ ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಒಂಬತ್ತು ತಿಂಗಳು ಇದ್ದೆ. ಅದರ ಹೆಸರು ಇಲ್ಲಿ ಬೇಡ. ಕಾಲರು ಕೂಡಿಸುವ ಕೆಲಸ. ಬಿಟ್ಟದ್ದಕ್ಕೆ ಎರಡು ಕಾರಣಗಳಿದ್ದವು. ಮುಂದೆ ಓದಬೇಕೆಂಬ ಆಸೆ ಒಂದು. ಹೆಚ್ಚುವರಿ ಗಂಟೆಗಳ ಕೂಲಿಯನ್ನು ಸರಿಯಾಗಿ ಕೊಡುತ್ತಿರಲಿಲ್ಲವೆಂಬುದು ಇನ್ನೊಂದು. ಅಂಥ ಗಂಟೆಗೆ ಎರಡರಷ್ಟು ಕೂಲಿ ಸಲ್ಲಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಈಗ ಬಂದಿರುವ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಎರಡು ಕಾರಣಗಳೂ ನಿಜ. ಕಳೆದ ವರ್ಷ ತರೀಕೆರೆಯ ಒಂದು ಕಚೇರಿಯಲ್ಲಿ ಅರ್ಧ ದಿನದ ಲೆಕ್ಕದ ಕೆಲಸ ಖಾಲಿಯಿದೆಯೆಂದು ತಿಳಿದು ಹೊರಟಾಗ ಯಾವುದನ್ನು ಹೇಳಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯಿತು.

“ಅಜ್ಜಿಗೆ ಹುಷಾರಿರ್ಲಿಲ್ಲ, ನೋಡ್ಕೊಳ್ಳೋಕೆ ಬಂದೆ ಅಂತ ಹೇಳವ್ವ. ಅಜ್ಜಿ ಮಾತು ಬಂದ್ರೆ ಯಾರೂ ಮುಂದಕ್ಕೆ ಕೇಳಲ್ಲ” ಎಂದರು ಅಪ್ಪ.

“ಸತ್ತು ಆರು ವರ್ಷ ಆಗಿರೋಳ್ನ ಯಾಕ್ರೀ ಮತ್ತೆ ಮಂಚಕ್ಕೆ ಎಳೀತೀರ?” ಎಂದಳು ಅವ್ವ.

ಅಪ್ಪನ ಸಲಹೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂಗಡದ ಕಾಲದಲ್ಲಿ ಕಾಯಿಲೆ, ಸಾವು, ಮದುವೆ ಇವು ಮೂರೇ ಯಜಮಾನ ಒಪ್ಪುವ ಕಾರಣಗಳಾಗಿದ್ದವು. ಅವರಿಗೆ ತಿಳಿದದ್ದನ್ನು ಅವರು ಹೇಳಿಕೊಟ್ಟರು. ಆದರೆ ಸುಳ್ಳು ಇಂದು ನಿಲ್ಲುವುದು ಕಷ್ಟ, ಏಕೆಂದರೆ ಕಾಗದ ಮಾತನಾಡುತ್ತದೆ. 2014ರಿಂದೀಚೆಗೆ ಭವಿಷ್ಯನಿಧಿಗೆ ಸೇರಿದ ಪ್ರತಿಯೊಬ್ಬರಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆ. ಎಲ್ಲಿ ಸೇರಿದೆವು, ಯಾವ ತಾರೀಖು ಬಿಟ್ಟೆವು ಎಂಬುದೆಲ್ಲ ಅದರ ಕೆಳಗೆ ಸಾಲಾಗಿ ನಿಂತಿರುತ್ತದೆ. ಮೂರು ತಿಂಗಳ ಕೆಲಸವನ್ನು ಒಂದು ವರ್ಷವೆಂದು ಹೇಳಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಹಾಗೆಯೇ ಇನ್ನೊಂದು ಮಾತು ತಿಳಿದಿರಲಿ: ಹಳೆಯ ಯಜಮಾನ ಬಿಟ್ಟ ತಾರೀಖನ್ನು ನಮೂದಿಸದೆ ಸತಾಯಿಸಿದರೆ, ಕೊನೆಯ ಕಂತು ಬಿದ್ದ ಎರಡು ತಿಂಗಳ ಮೇಲೆ ನೌಕರ ತಾನೇ ಅದನ್ನು ನಮೂದಿಸಬಹುದು. 2020ರಿಂದ ಆ ಅನುಕೂಲ ಬಂದಿದೆ. ಇದನ್ನು ತಿಳಿಯದೆ ನಮ್ಮ ಕಡೆಯವರು ಎಷ್ಟೋ ಮಂದಿ ಹಣ ಬಿಡಿಸಿಕೊಳ್ಳಲಾಗದೆ ಬೆಂಗಳೂರಿಗೆ ಅಲೆದಾಡುತ್ತಾರೆ. ಆದ್ದರಿಂದ ಮೊದಲ ಕೆಲಸ, ಅರ್ಜಿಯಲ್ಲಿ ಬರೆಯುವ ತಾರೀಖುಗಳನ್ನೂ ಅಲ್ಲಿರುವ ತಾರೀಖುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು.

ಇನ್ನು ಎರಡು ನಿಜಗಳಲ್ಲಿ ಯಾವುದು? ಕೇಳುವವರ ಮನಸ್ಸನ್ನು ಹೊಕ್ಕು ನೋಡಿದರೆ ಇದು ಬಗೆಹರಿಯುತ್ತದೆ. ಅವರಿಗೆ ನಮ್ಮ ಹಿಂದಿನ ಯಜಮಾನನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವರ ನಿಜವಾದ ಪ್ರಶ್ನೆ, ಈ ಹುಡುಗಿ ನನ್ನನ್ನೂ ಹೀಗೆಯೇ ನಡುವೆ ಬಿಟ್ಟು ಹೋದಾಳೇ, ಹೋಗುವಾಗ ಹೇಳಿ ಹೋದಾಳೇ, ಹೋದ ಮೇಲೆ ನನ್ನನ್ನು ಹೇಗೆ ಆಡಿಕೊಂಡಾಳು ಎಂಬುದು. ಅದು ಸಣ್ಣತನವಲ್ಲ, ನಾಲ್ಕು ಜನರ ಕಚೇರಿಯಲ್ಲಿ ಒಬ್ಬರು ಎದ್ದು ಹೋದರೆ ಲೆಕ್ಕ ನಿಲ್ಲುತ್ತದೆ. ಆದ್ದರಿಂದ ಓದಿಗಾಗಿ ಬಿಟ್ಟೆ ಎಂಬ ಕಾರಣ ಮೊದಲು ಬರತಕ್ಕದ್ದು. ಅದು ಮುಂದಕ್ಕೆ ನೋಡುತ್ತದೆ, ಪ್ರವೇಶ ಪಡೆದ ತಾರೀಖು ಅದಕ್ಕೆ ಸಾಕ್ಷಿ ಹೇಳುತ್ತದೆ. ಕೂಲಿಯ ಮಾತನ್ನು ನಾನಾಗಿ ಎತ್ತಬೇಕಾಗಿಲ್ಲ. ಅವರು ಕೆದಕಿ ಕೇಳಿದರೆ ಮುಚ್ಚಿಡಲೂಬೇಕಾಗಿಲ್ಲ. ‘ಹೆಚ್ಚುವರಿ ಗಂಟೆಯ ಕೂಲಿಯ ವಿಷಯದಲ್ಲಿ ನಮ್ಮಿಬ್ಬರ ಲೆಕ್ಕ ಹೊಂದಲಿಲ್ಲ, ತಿಂಗಳ ಮುಂಚೆ ತಿಳಿಸಿ ಬಿಟ್ಟೆ’ ಎಂದರೆ ಮುಗಿಯಿತು. ಈ ವಾಕ್ಯದಲ್ಲಿ ವಿಶೇಷಣವೇ ಇಲ್ಲದಿರುವುದನ್ನು ನೋಡಿ. ‘ಮೋಸಗಾರರು’, ‘ರಕ್ತ ಹೀರುವವರು’ ಎಂಬ ಮಾತುಗಳು ಹಾಸ್ಟೆಲಿನಲ್ಲಿ ಮಾತ್ರ ಚೆನ್ನ.

ಆ ಕಚೇರಿಯಲ್ಲಿ ನಾನು ಹೀಗೆಯೇ ಹೇಳಿದೆ. ಅಲ್ಲಿದ್ದ ಹಿರಿಯರು ಕನ್ನಡಕ ತೆಗೆದು, “ಹಂಗಾದ್ರೆ ಪರೀಕ್ಷೆ ಮುಗಿದ ಮೇ‌ಲೆ ಇದನ್ನೂ ಬಿಡ್ತೀಯಲ್ಲಮ್ಮ?” ಎಂದರು. “ಪರೀಕ್ಷೆ ಮುಗಿಯೋವರೆಗೂ ಖಂಡಿತ ಇರ್ತೀನಿ ಸಾರ್. ಆಮೇಲೆ ಹೋಗೋದಾದ್ರೆ ಒಂದು ತಿಂಗಳು ಮೊದಲೇ ಹೇಳ್ತೀನಿ” ಎಂದೆ. ಅವರು ನಕ್ಕರು. “ಮದುವೆ?” ಎಂದು ಇನ್ನೊಬ್ಬರು ಕೇಳಿದರು. ಈ ಪ್ರಶ್ನೆಯನ್ನು ನನ್ನ ಜೊತೆ ಹೋಗಿದ್ದ ಹುಡುಗನಿಗೆ ಕೇಳಲಿಲ್ಲ. ಗೊತ್ತಾಗಿಲ್ಲ ಸಾರ್ ಎಂದೆ, ಅದೂ ನಿಜವೇ. ಕೆಲಸ ಆ ಹುಡುಗನಿಗೆ ಆಯಿತು. ಅವನ ಟೈಪಿಂಗು ನನಗಿಂತ ವೇಗ. ಆದರೆ ಹೊರಗೆ ಬಂದು ಬಸ್‌ಸ್ಟ್ಯಾಂಡಿಗೆ ನಡೆಯುವಾಗ, ಹೇಳಿದ ಸುಳ್ಳನ್ನು ನೆನಪಿನಲ್ಲಿಟ್ಟುಕೊಳ್ಳುವ ಹೊರೆ ನನಗಿರಲಿಲ್ಲ.

‘ಮನೇಲಿ ಬಿಡಿಸಿದ್ರು’ ಎನ್ನುವ ಗೆಳತಿಯರಿಗೆ ಒಂದು ಮಾತು. ಅದು ನಿಜವಾಗಿದ್ದರೂ ಕೇಳುವವರಿಗೆ ತಲುಪುವ ಅರ್ಥ, ಮನೆಯವರು ಇನ್ನೊಮ್ಮೆಯೂ ಬಿಡಿಸಿಯಾರು ಎಂಬುದು. ಬಿಡಿಸಿದ ಕಾರಣ ತೀರಿದ್ದರೆ ಅದನ್ನೂ ಸೇರಿಸಿ ಹೇಳಬೇಕು. ತಾಯಿಯ ಶಸ್ತ್ರಚಿಕಿತ್ಸೆಗಾಗಿ ಬಂದಿದ್ದೆ, ಈಗ ಅವರು ಗುಣವಾಗಿದ್ದಾರೆ, ಎಂದರೆ ಪ್ರೇರಣಾರ್ಥಕ ಹೋಗಿ ಕರ್ತೃ ಹಿಂದಿರುಗುತ್ತಾಳೆ. ಅಡಿಕೆ ಕೊಯ್ಲಿಗೆ ಪ್ರತಿ ವರ್ಷವೂ ಊರಿಗೆ ಓಡಬೇಕಾದ ಹುಡುಗರಿಗೂ ಇದೇ ಮಾತು. ಅದನ್ನು ಸೇರುವಾಗಲೇ ಹೇಳಿ ರಜ ಗೊತ್ತುಮಾಡಿಕೊಂಡರೆ ಬಿಡುವ ಪ್ರಸಂಗವೇ ಬಾರದು.

ಕಠಿಣವಾದದ್ದು ‘ತೆಗೆದುಹಾಕಿದರು’ ಎಂಬವರ ಸ್ಥಿತಿ. ಅವರಿಗೆ ವಿಶ್ವೇಶ್ವರಯ್ಯನವರ ಉದಾಹರಣೆಯೂ ಒದಗುವುದಿಲ್ಲ. ನಮ್ಮ ತರಗತಿಯ ಕೆಲವರು ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತು ಅರ್ಜಿ ನಮೂನೆಯ ‘ಬಿಟ್ಟ ಕಾರಣ’ ಎಂಬ ಅಂಕಣವನ್ನು ತುಂಬುವ ಅಭ್ಯಾಸ ಮಾಡಿದೆವು. ಆ ಅಂಕಣ ಎರಡು ಬೆರಳಷ್ಟು ಅಗಲ. ಅದರಲ್ಲಿ ಕತೆ ಹಿಡಿಸುವುದಿಲ್ಲ. ಕಡೂರಿನ ಪೆಟ್ರೋಲ್ ಬಂಕಿನಲ್ಲಿದ್ದವನು ‘ರಾತ್ರಿ ಪಾಳಿಯ ನಂತರ ಊರಿಗೆ ಬಸ್ಸಿಲ್ಲ’ ಎಂದು ಬರೆದು ಐದು ನಿಮಿಷದಲ್ಲಿ ಮುಗಿಸಿದ. ತರೀಕೆರೆಯ ಮಂಡಿಯಿಂದ ತೆಗೆಯಲ್ಪಟ್ಟ ಮಿತ್ರ ಮಾತ್ರ ಮೂರು ಹಾಳೆ ಹರಿದ. ಮೊದಲನೆಯದರಲ್ಲಿ ‘ಕೆಲಸ ನಿಂತುಹೋಯಿತು’ ಎಂದಿತ್ತು. ಎರಡನೆಯದರಲ್ಲಿ ಯಜಮಾನನ ಸ್ವಭಾವದ ವರ್ಣನೆಯಿತ್ತು. ಮೂರನೆಯದರಲ್ಲಿ ‘ವೈಯಕ್ತಿಕ’ ಎಂಬ ಒಂದೇ ಪದ. ಅದಕ್ಕೆ ನಾವೆಲ್ಲ ಒಟ್ಟಿಗೆ ‘ಏನು ವೈಯಕ್ತಿಕ?’ ಎಂದು ಕೇಳಿದೆವು. ನಾಲ್ಕನೆಯ ಹಾಳೆಯಲ್ಲಿ ಅವನು ಬರೆದದ್ದನ್ನು ಅವನ ಒಪ್ಪಿಗೆ ಪಡೆದು ಕೊಡುತ್ತಿದ್ದೇನೆ: ‘ಎರಡು ಸಲ ತೂಕದಲ್ಲಿ ವ್ಯತ್ಯಾಸ ಬಂದದ್ದರಿಂದ ತೆಗೆದರು. ಆಮೇಲೆ ಇನ್ನೊಂದು ಮಂಡಿಯಲ್ಲಿ ಐದು ತಿಂಗಳು ಇದೇ ಕೆಲಸ ಮಾಡಿದ್ದೇನೆ. ಅವರನ್ನು ವಿಚಾರಿಸಬಹುದು.’